ಭಾವನ ಕೊರಳಿನ ಹವಾಯಿ ಹಾರ

ನಮ್ಮ ಭಾವನ ಪ್ರಕಾರ ಹವಾಯಿ ದ್ವೀಪಗಳು ಮೈಸೂರು ಜಿಲ್ಲೆಗೆ ಸೇರಿದವು. ನಡುವೆ ಸ್ವಲ್ಪ ನೀರು ಬಂದಿದೆ, ಅಷ್ಟೆ! ನಗಬೇಡಿ. ಇದನ್ನು ಅವರು ವೆಸ್ಟ್ ವಿಂಡ್ಸರಿನ ತಮ್ಮ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ಬಂದವರಿಗೆಲ್ಲ ಸಾಬೀತು ಮಾಡಿ ತೋರಿಸಿದ್ದಾರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರಲ್ಲಿ ರಿಸ್ಕ್ ಅಳೆಯುವ ಕೆಲಸ ಅವರದು. ಲೋಕದ ಅಪಾಯಗಳನ್ನೆಲ್ಲ ಅಳೆದ ಮಹಾನುಭಾವರಿಗೆ, ತಾವು ಕೂತಿದ್ದ ಬ್ಯಾಂಕೇ ಮುಳುಗುತ್ತಿರುವುದು ಟೀವಿ ನೋಡಿ ತಿಳಿಯಿತು! ಕೆಲಸ ಕಳೆದುಕೊಂಡು, ರಟ್ಟಿನ ಪೆಟ್ಟಿಗೆ ಹೊತ್ತು ಮನೆಗೆ ಬಂದವರು, ಮರುದಿನದಿಂದ ಅಡುಗೆಮನೆಯಲ್ಲಿ ಅಕ್ಕನ ಜೊತೆ ಸ್ಟೇಟಸ್ ಮೀಟಿಂಗ್ ಶುರು ಮಾಡಿದರು. ಬೇಳೆ ಡಬ್ಬಗಳಿಗೆ ನಂಬರು ಬಿತ್ತು. ಹತ್ತನೆಯ ದಿನ ಅಕ್ಕ, "ರೀ, ಮಗಳನ್ನ ಕಾರಲ್ಲಿ ಲೈಬ್ರರಿಗೆ ಕರ್ಕೊಂಡು ಹೋಗಿ. ಕ್ಲಾಸ್ ಮುಗಿಯೋವರೆಗೂ ಕಾರಲ್ಲೇ ಇರಿ. ನಾನೂ ಸ್ವಲ್ಪ ಉಸಿರಾಡ್ತೀನಿ" ಎಂದಳು.

ಮಗಳಿಗೆ ಹದಿಮೂರು. ಅಪ್ಪ ಎಂದರೆ ಅವಳಿಗೆ ಸಂಜೆ ಫೋನಿನಲ್ಲಿ "ಟ್ರೇನ್ ಲೇಟು, ನೀವು ಊಟ ಮಾಡಿ" ಎನ್ನುವ ದನಿ, ಅಷ್ಟೇ. ಲೈಬ್ರರಿಯಲ್ಲಿ ಅವಳು ಕಲಿಯುತ್ತಿದ್ದದ್ದು ಹವಾಯಿಯ ಹಳೆಯ ಹಾಡುಗಳನ್ನು. ಜೊತೆಗೆ ಯುಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರು. ಕಾರಿನಲ್ಲಿ ಇರಬೇಕಾದ ಭಾವ ಒಳಗೆ ಇಣುಕಿದರು. ಬಾಗಿಲಲ್ಲಿ ಸಾಲಾಗಿ ಶೂ, ಚಪ್ಪಲಿ! ಕಲಿಸುವಾಕೆ ಹೊನೊಲುಲುವಿನ ಹಿರಿಯ ಹೆಂಗಸು. ಮಕ್ಕಳೆಲ್ಲ ಆಕೆಯನ್ನು ಆಂಟಿ ಎನ್ನುತ್ತಿದ್ದರು. ಬಿಳಿಯರ ಮಕ್ಕಳೂ! ಮೇಜಿನ ಮೇಲೆ ಕೊಬ್ಬರಿ ಮಿಠಾಯಿ, ಗೋಡೆಯ ಮೇಲೆ ಹೂವಿನ ಹಾರ. ಇನ್ನೇನು ಪುರಾವೆ ಬೇಕು?

"ನೋಡಮ್ಮಾ, ಚಪ್ಪಲಿ, ಆಂಟಿ, ಕೊಬ್ಬರಿ, ಹಾರ. ಎಲ್ಲ ನಮ್ಮೋರೇ. ಯಾವುದೋ ಕಾಲದಲ್ಲಿ ಮೈಸೂರಿಂದ ದೋಣಿ ಹತ್ತಿರಬೇಕು" ಎಂದು ಪಾರ್ಸಿಪನಿಯಲ್ಲಿರುವ ನನಗೆ ಫೋನ್ ಮಾಡಿದರು.

"ಮೈಸೂರಲ್ಲಿ ಸಮುದ್ರ ಎಲ್ಲಿದೆ ಭಾವ?"

"ಡೀಟೇಲ್ಸ್ ಆಮೇಲೆ ನೋಡೋಣ."

ಬ್ಯಾಂಕು ಯಾಕೆ ಮುಳುಗಿತು ಎಂದು ನನಗೆ ಆಗ ಅರ್ಥವಾಯಿತು.

ಮುಂದಿನ ವಾರದಿಂದ ಅವರೂ ವಿದ್ಯಾರ್ಥಿ. ಚಿಕ್ಕಂದಿನಲ್ಲಿ ಮೂರು ತಿಂಗಳು ವೀಣೆ ಕಲಿತ ಜಂಬ ಬೇರೆ! ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು, ಹಗುರಾಗಿ ತೇಲಬೇಕಾದ ಹಾಡಿನ ಒಂದೊಂದು ಸ್ವರಕ್ಕೂ ಗಮಕ ಹಾಕಿ ಎಳೆದರು. ಎರಡು ತಂತಿ ಕಿತ್ತುಬಂದವು.

"ಅಪ್ಪಾ, ಪ್ಲೀಸ್. ಜಸ್ಟ್ ಸ್ಟ್ರಮ್" ಎಂದಳು ಮಗಳು. ಸುಮ್ಮನೆ ತಂತಿ ಮೀಟಿದರೆ ಸಾಕಂತೆ. ಆದರೆ ಗಮನಿಸಿ, ಮಾತನಾಡಿಸಿದಳು! ಮನೆಗೆ ಬಂದ ಮೇಲೆ ಅಪ್ಪನ ಬೆರಳು ಹಿಡಿದು ಎಲ್ಲೆಲ್ಲಿ ಒತ್ತಬೇಕೆಂದು ತೋರಿಸಿದಳು. ರೆಸ್ಯುಮೆ ಕಳಿಸಿ ಕಳಿಸಿ ಸೋತ ಮನುಷ್ಯ ಇಡೀ ದಿನ ಆ ಒಂದು ಗಂಟೆಗಾಗಿ ಕಾಯತೊಡಗಿದರು.

ಲೈಬ್ರರಿಯಲ್ಲಿ ಇಬ್ಬರ ಮೊದಲ ಕಾರ್ಯಕ್ರಮ. ಭಾವ ಒಂದೂ ಗಮಕ ಹಾಕಲಿಲ್ಲ. ಹಾಡು ಮುಗಿದಾಗ ಮಗಳು ತಾನೇ ಪೋಣಿಸಿದ ಕಾರ್ನೇಷನ್ ಹಾರವನ್ನು ಅಪ್ಪನ ಕೊರಳಿಗೆ ಹಾಕಿದಳು. ನಮ್ಮ ಭಾವ ಏನು ಮಾಡಿದರು? ಕನ್ನಡ ಸಂಘದ ವೇದಿಕೆಯಲ್ಲಿ ಸನ್ಮಾನಿತರು ಮಾಡುವುದನ್ನೇ! ಹಾಕಿದ ಕ್ಷಣಕ್ಕೇ ತೆಗೆದು, ಮೇಜಿನ ಮೇಲಿಟ್ಟು, ವಿನಯದಿಂದ ಕೈಮುಗಿದರು. ಹಾರ ಹಾಕಿಕೊಂಡೇ ಕೂರುವವನು ಅಹಂಕಾರಿ ಎಂದಲ್ಲವೇ ನಾವೆಲ್ಲ ತಿಳಿದು ಬೆಳೆದದ್ದು?

ಮಗಳು ಸರಸರನೆ ಹೊರಗೆ ನಡೆದಳು. ಕಲಿಸುವಾಕೆ ಮೆಲ್ಲಗೆ ವಿವರಿಸಿದರು: ತಮ್ಮಲ್ಲಿ ಹಾರವೆಂದರೆ ಕೊಟ್ಟವರ ಪ್ರೀತಿ, ಅವರ ಕಣ್ಣೆದುರು ಅದನ್ನು ತೆಗೆಯಬಾರದು.

"ಯೂ ಡಿಡ್ನಾಟ್ ವಾಂಟ್ ಇಟ್" ಎಂದು ಕಾರಿನಲ್ಲಿ ಅತ್ತವಳು ಮೂರು ವಾರ ಅಪ್ಪನ ಜೊತೆ ಯುಕುಲೇಲೆ ಮುಟ್ಟಲಿಲ್ಲ. "ಗೌರವ ಕೊಡ್ತಿದೀನಿ ಅಂದ್ಕೊಂಡೆ ಕಣಮ್ಮಾ" ಎಂದು ಭಾವ ಫೋನಿನಲ್ಲಿ ನನಗೆ ಹೇಳಿದರು. ಅವತ್ತು ಮೈಸೂರಿನ ಸುದ್ದಿ ಬರಲಿಲ್ಲ.

ಕೊನೆಗೆ ತಾವೇ ಸೂಜಿ ಹಿಡಿದು, ಬೆರಳಿಗೆಲ್ಲ ಚುಚ್ಚಿಕೊಂಡು, ಒಂದು ಸೊಟ್ಟ ಹಾರ ಪೋಣಿಸಿ ಮಗಳ ಕೋಣೆಯ ಬಾಗಿಲಿಗೆ ತೂಗುಹಾಕಿದರು. ಮರುದಿನ ಅವಳು ಅದನ್ನು ಹಾಕಿಕೊಂಡೇ ಸ್ಕೂಲ್ ಬಸ್ಸು ಹತ್ತಿದಳು.

ಕನ್ನಡ ಸಂಘದ ಯುಗಾದಿಗೆ ಇಬ್ಬರೂ ಮತ್ತೆ ನುಡಿಸಿದರು. ಮಗಳು ಮತ್ತೆ ಹಾರ ಹಾಕಿದಳು. ಭಾವ ತೆಗೆಯಲಿಲ್ಲ. ಅಧ್ಯಕ್ಷರು ಸನ್ನೆ ಮಾಡಿದರು, ತೆಗೆಯಲಿಲ್ಲ. ಹಾರದ ಸಮೇತ ಊಟದ ಕ್ಯೂನಲ್ಲಿ ನಿಂತು, ಅದರ ತುದಿಯನ್ನು ಬಿಸಿಬೇಳೆಬಾತಿನಲ್ಲಿ ಅದ್ದಿಕೊಂಡೇ ಉಂಡರು. "ಕೆಲಸ ಹೋದ್ರೂ ದೌಲತ್ತು ನೋಡಿ" ಎಂದು ಸಂಘದ ಖಜಾಂಚಿ ಪಕ್ಕದವರ ಕಿವಿಯಲ್ಲಿ, ಇಡೀ ಹಾಲಿಗೆ ಕೇಳುವಂತೆ ಪಿಸುಗುಟ್ಟಿದರು.

ಪಾಪ, ಖಜಾಂಚಿಗೆ ಗೊತ್ತಿರಲಿಲ್ಲ, ಭಾವನಿಗೆ ಕೆಲಸ ಸಿಕ್ಕಿತ್ತು. ದೂರದ ಡಲ್ಲಾಸಿನಲ್ಲಿ. ಮರುದಿನವೇ ಹೊರಡಬೇಕು, ಮಗಳ ಶಾಲೆಯ ವರ್ಷ ಮುಗಿಯುವವರೆಗೆ ಅಕ್ಕ, ಮಗಳು ಇಲ್ಲೇ. ನೆವಾರ್ಕ್ ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಭಾವನ ಕೊರಳಲ್ಲಿ ಅದೇ ಹಾರ, ಬಾಡಿತ್ತು, ಬಾತಿನ ವಾಸನೆ ಹೊಡೆಯುತ್ತಿತ್ತು.

ಹಾರ ತೆಗೆದು ಟ್ರೇಯಲ್ಲಿಡಿ ಎಂದ ಸೆಕ್ಯೂರಿಟಿಯವನು. ಭಾವ ಹಿಂತಿರುಗಿ ನೋಡಿದರು. ತಡೆಪಟ್ಟಿಯ ಈಚೆ ಮಗಳು ಕಣ್ಣು ಮಿಟುಕಿಸದೆ ನಿಂತಿದ್ದಳು.

"ನೀನು ಹೋಗು ಪುಟ್ಟೀ, ಆಮೇಲೆ ತೆಗೀತೀನಿ."

"ಹೋಗಲ್ಲ ಅಪ್ಪಾ" ಎಂದಳು ಅವಳು, ಕನ್ನಡದಲ್ಲಿ.

ಭಾವ ಹಿಂದಿದ್ದವರಿಗೆ ದಾರಿ ಬಿಟ್ಟರು. ಅವರ ಹಿಂದಿದ್ದವರಿಗೂ ಬಿಟ್ಟರು. ಅವತ್ತಿನ ಡಲ್ಲಾಸ್ ವಿಮಾನ ನಮ್ಮ ಭಾವನನ್ನು ಬಿಟ್ಟೇ ಹೋಯಿತು.