ತೊಳೆದ ಬಾಟಲಿಗಳು

ಬಿಸಾಡುವ ಬಾಟಲಿಗೆ ಸೋಪು ಹಚ್ಚಿ ತೊಳೆಯುವ ಗಂಡಸನ್ನು ಯಾರು ತಾನೇ ನಂಬುತ್ತಾರೆ? ಲೈಬ್ರರಿ ಸಾರ್ ಗ್ರಹಚಾರ ಕೆಟ್ಟದ್ದು ಅಲ್ಲೇ. ಜಿಡ್ಡು ಮೆತ್ತಿದ ಪ್ಲಾಸ್ಟಿಕ್ ಮರುಬಳಕೆಗೆ ಬರುವುದಿಲ್ಲ ಎಂದು ಎಲ್ಲೋ ಓದಿದ್ದೇ ತಡ, ಎಣ್ಣೆ ಬಾಟಲಿ, ಶಾಂಪೂ ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು ಬಟ್ಟೆಯ ಹಗ್ಗಕ್ಕೆ ನೇತುಹಾಕತೊಡಗಿದರು. ಊರೆಲ್ಲ ಅಲೆದ ಮೇಲೆ ಸಿಕ್ಕಿದ ಬಾಡಿಗೆ ಮನೆ; ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ, ಪಾಪ.

ಭಾನುವಾರ ಬೆಳಿಗ್ಗೆ ಎದುರುಮನೆಯ ಟೈಲರಮ್ಮ ಆ ಹಗ್ಗ ನೋಡಿ, ಮಹಡಿಯಲ್ಲಿದ್ದ ರಿಟೈರ್ಡ್ ಪೊಲೀಸ್ ಸಾಹೇಬರ ಕಿವಿ ಕಚ್ಚಿದಳು.

"ಕಸ ಯಾರಾದ್ರೂ ತೊಳೀತಾರಾ ಸಾರ್? ಏನೋ ಇದೆ ಇದರಲ್ಲಿ."

"ಕಲಬೆರಕೆ ಎಣ್ಣೆ," ಎಂದರು ಪೊಲೀಸ್ ಸಾಹೇಬರು. ರಿಟೈರಾದ ಮೇಲೆ ಸಿಕ್ಕ ಮೊದಲ ಕೇಸು ಅದು. "ಖಾಲಿ ಬಾಟಲಿಗೆ ತುಂಬಿ ಮಾರ್ತಾನೆ."

ಮಧ್ಯಾಹ್ನ ಅವರು ಪೇಪರ್ ಕೇಳುವ ನೆಪದಲ್ಲಿ ಲೈಬ್ರರಿ ಸಾರ್ ಮನೆಯೊಳಗೆ ಬಂದರೆ, ಅಡುಗೆಮನೆಯ ಬಕೆಟ್ಟಿನಲ್ಲಿ ಮುಚ್ಚಳಗಳು ತೇಲುತ್ತಿದ್ದವು.

"ಇದೇನ್ರೀ?"

"ಮುಚ್ಚಳದ ಪ್ಲಾಸ್ಟಿಕ್ಕೇ ಬೇರೆ ಸಾರ್, ತೇಲುತ್ತೆ. ಬಾಟಲಿದು ಮುಳುಗುತ್ತೆ. ಎರಡೂ ಒಟ್ಟಿಗೆ ಕರಗಿಸಿದ್ರೆ ಮಾಲು ಕೆಡುತ್ತೆ. ಯಾವ ಪ್ಲಾಸ್ಟಿಕ್ ಅಂತ ತಳದಲ್ಲಿ ನಂಬರ್ ಇದೆ ನೋಡಿ."

ಮಾಲಂತೆ, ನಂಬರಂತೆ! ಪೊಲೀಸ್ ಸಾಹೇಬರಿಗೆ ಇನ್ನೇನು ಬೇಕು? ನೇರವಾಗಿ ಹೋಗಿ ಮನೆ ಓನರ್‌ಗೆ ಫೋನು ಮಾಡಿದರು.

ಸಂಜೆ ಓನರ್ ಬರುವಷ್ಟರಲ್ಲಿ ಬಾಗಿಲಲ್ಲಿ ಜಾತ್ರೆಯೇ ಸೇರಿತ್ತು.

"ಕಳ್ಳ ವ್ಯಾಪಾರ ಮಾಡೋರಿಗೆ ನನ್ನ ಮನೆ ಇಲ್ಲ ಸಾರ್. ಖಾಲಿ ಮಾಡಿ."

"ಕಸನ ಕಸದ ಥರ ನೋಡ್ರೀ ಅಂತ ಬಡ್ಕೊಂಡೆ," ಎಂದು ಲೈಬ್ರರಿ ಸಾರ್ ಹೆಂಡತಿ ಹಣೆ ಚಚ್ಚಿಕೊಂಡಳು.

ಲೈಬ್ರರಿ ಸಾರ್ ಬಾಗಿಲನ್ನು ಪೂರ್ತಿ ತೆರೆದರು. "ಮನೆಯೆಲ್ಲ ಹುಡುಕಿ. ಆಮೇಲೆ ನಾನು ಮಾಡೋದನ್ನ ಕಣ್ಣಾರೆ ನೋಡಿ," ಎಂದರು.

ಪೊಲೀಸ್ ಸಾಹೇಬರು ಮಂಚದ ಕೆಳಗೂ ತೂರಿ ಬಂದರು. ಒಗ್ಗರಣೆಗೆ ಬೇಕಾದಷ್ಟು ಎಣ್ಣೆ ಬಿಟ್ಟರೆ ಏನೂ ಸಿಗಲಿಲ್ಲ. ಲೈಬ್ರರಿ ಸಾರ್ ನಲ್ಲಿ ಪೂರ್ತಿ ತಿರುಗಿಸಿ ಬಾಟಲಿ ತೊಳೆದರು, ಮೂಸಿದರು, ಮತ್ತೆ ತೊಳೆದರು, ಸೋಪು ಹಚ್ಚಿ ಇನ್ನೊಮ್ಮೆ ತೊಳೆದರು. ಕೊನೆಗೆ ಅದನ್ನು ಟೈಲರಮ್ಮನ ಮೂಗಿಗೆ ಹಿಡಿದರು.

"ಎಣ್ಣೆ ವಾಸನೆಯೇ ಇಲ್ಲ," ಅವಳ ಮುಖ ಸಣ್ಣಗಾಯಿತು. "ಸುಮ್ನೆ ಅನುಮಾನ ಪಟ್ವಿ. ದೇವರಂಥ ಮನುಷ್ಯ."

ಪೊಲೀಸ್ ಸಾಹೇಬರು ಕೆಮ್ಮಿ ಮೆಲ್ಲಗೆ ಮೆಟ್ಟಿಲು ಹತ್ತಿದರು. ಲೈಬ್ರರಿ ಸಾರ್ ಎದೆಯುಬ್ಬಿಸಿ ಓನರ್ ಕಡೆ ತಿರುಗಿದರೆ, ಅವರು ಬಾಟಲಿ ನೋಡುತ್ತಲೇ ಇರಲಿಲ್ಲ. ನಲ್ಲಿಯನ್ನು ನೋಡುತ್ತಿದ್ದರು.

"ದಿನಾ ಹೀಗೇ ತೊಳೀತೀರಾ?"

"ಒಂದು ದಿನಾನೂ ತಪ್ಪಿಸಿಲ್ಲ ಸಾರ್."

"ಟ್ಯಾಂಕು ಯಾಕೆ ಮಧ್ಯಾಹ್ನಕ್ಕೇ ಬರಿದಾಗುತ್ತೆ ಅಂತ ಅಂಗಳ ಅಗೆಸಿ, ಪೈಪೆಲ್ಲ ಕೀಳಿಸಿ ನೋಡಿದೆನಲ್ಲ ಸ್ವಾಮಿ," ಓನರ್ ತಾವೇ ಹೋಗಿ ನಲ್ಲಿ ನಿಲ್ಲಿಸಿದರು. "ಎಣ್ಣೆ ಮಾರೋನಾಗಿದ್ರೆ ತಿಂಗಳ ಕೊನೆವರೆಗಾದ್ರೂ ಇಟ್ಕೋತಿದ್ದೆ. ನೀವು ನಾಳೆನೇ ಖಾಲಿ ಮಾಡಿ."