ನಲವತ್ತು ದಿನದ ಬಸ್ಕಿ ಕರಾರು

ನಾನು ಸುಮ್ಮನೆ ಕೂತಿದ್ದರೂ ಫಜೀತಿ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ. ಇನ್ನು ನಾನು ಸುಮ್ಮನೆ ಕೂಡುವ ಮನುಷ್ಯನೂ ಅಲ್ಲ. ಆರನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಮಾಸ್ತರರು ಐವತ್ತು ಬಸ್ಕಿ ಹೊಡಿ ಎಂದಿದ್ದರು. ಮೂವತ್ತೇಳನೆಯದಕ್ಕೆ ಮೇಲೆದ್ದಾಗ ಎದುರಿಗೆ ಬಾಗಿಲು ತೆರೆದದ್ದು ಕಂಡಿತು. ಹೊರಗೆ ಬಿದ್ದೆ. ಅಂದಿನಿಂದ ತಿರುಗುತ್ತಲೇ ಇದ್ದೇನೆ. ಗೋಕಾಕ ಫಾಲ್ಸ್‌ನಲ್ಲಿ ಚಹಾ ಮಾರಿದೆ, ನಿಡಸೋಸಿಯಲ್ಲಿ ಕಾಲೇಜು ಹುಡುಗರ ಮೆಸ್ಸಿನಲ್ಲಿ ಚಪಾತಿ ಲಟ್ಟಿಸಿದೆ, ಹುಕ್ಕೇರಿಯಲ್ಲಿ ಪೆಂಡಾಲು ಕಟ್ಟಿದೆ. ಈಗ ಒಂದು ಹಳೆಯ ಪಿಕಪ್ ಗಾಡಿ ಇದೆ. ಯಾರ ಮಾಲಿದ್ದರೂ ಹೇರಿಕೊಂಡು ಹೋಗುತ್ತೇನೆ. ಹಿಡಿದ ಕೆಲಸ ಒಂದನ್ನೂ ಮುಗಿಸಿದವನಲ್ಲ ಎಂದು ಹೆಂಡತಿ ಹೇಳುತ್ತಾಳೆ. ಅದು ಸುಳ್ಳೇನಲ್ಲ. ಆದರೆ ಈಚೆಗೆ ಒಂದನ್ನು ಮುಗಿಸಿದೆ. ಮುಗಿಸಿ ಏನು ಪಡೆದೆ ಎಂಬುದನ್ನು ನೀವೇ ನೋಡಿ.

೧. ಡಾಕ್ಟರರ ಮಾತು

ಹೊಟ್ಟೆ ಸ್ಟೇರಿಂಗಿಗೆ ತಾಗತೊಡಗಿದಾಗ ಹೆಂಡತಿ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರರು ಬಿಪಿ ನೋಡಿ, ಮೈ ಅಲ್ಲಾಡಿಸಬೇಕು ಎಂದರು. ದಿನಾ ಮೂಡಲಗಿ, ಹುಕ್ಕೇರಿ ಅಂತ ತಿರುಗುತ್ತಲೇ ಇರುತ್ತೇನಲ್ಲ ಎಂದೆ.

"ತಿರಗೂದು ಗಾಡಿ. ನೀವು ಕುಂತಿರ್ತೀರಿ," ಎಂದರು ಅವರು.

ಹೆಂಡತಿ ನಕ್ಕಳು. ಆ ನಗು ನನಗೆ ಸೇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಫೋನಿನಲ್ಲಿ ಒಂದು ವ್ಯಾಯಾಮದ ಕಾರ್ಯಕ್ರಮ ತೋರಿಸಿದಳು. ನಲವತ್ತು ದಿನ, ಮನೆಯಲ್ಲೇ, ಗಂಡ ಹೆಂಡತಿ ಜೋಡಿಯಾಗಿ, ಮುಂಜಾನೆ ಅರ್ಧ ತಾಸು, ಸಂಜೆ ಏಳರೊಳಗೆ ಅರ್ಧ ತಾಸು. ಇಷ್ಟು ಬೇಗ ಸಿಕ್ಕಿತು ಅಂದರೆ ಮೊದಲೇ ಹುಡುಕಿ ಇಟ್ಟಿದ್ದಾಳೆ ಅಂತಲೇ ಅರ್ಥ. ಅದರಲ್ಲಿ ಕಲಿಸುವ ಹೆಣ್ಣುಮಗಳು ಬಸ್ಕಿ ಹೊಡೆಯುತ್ತ ನಗುತ್ತಿದ್ದಳು. ಬಸ್ಕಿ ಹೊಡೆಯುವಾಗ ನಗುವವರನ್ನು ನಾನು ನಂಬುವುದಿಲ್ಲ.

ನನ್ನ ಸಂಶಯಕ್ಕೆ ಕಾರಣವಿತ್ತು. ಮದುವೆಯಾದಾಗಿನಿಂದ ಅವಳಿಗೆ ಒಂದೇ ಆಸೆ: ನಾನು ಗಾಡಿ ಮಾರಿ, ಮೂಡಲಗಿಯಲ್ಲಿ ಅವಳ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂಡಬೇಕು. ಮೊಳೆ ತೂಗುತ್ತ, ಪೈಪು ಅಳೆಯುತ್ತ ಒಂದೇ ಕಡೆ ಇರಬೇಕು. ಮುಂಜಾನೆ ಸಂಜೆ ಮನೆಯಲ್ಲಿ ಹಾಜರಿ ಕೇಳುವ ವ್ಯಾಯಾಮ ಎಂದರೆ ನನ್ನ ಕಾಲಿಗೆ ಹಗ್ಗ ಕಟ್ಟುವ ಹೊಸ ವಿಧಾನ ಎಂದು ಆಗಲೇ ಲೆಕ್ಕ ಹಾಕಿದೆ.

ಅವಳೇ ಕರಾರು ಹೇಳಿದಳು. ನಲವತ್ತು ದಿನದಲ್ಲಿ ಒಂದು ಹೊತ್ತು ತಪ್ಪಿದರೂ ಮುಂದಿನ ಸೋಮವಾರದಿಂದ ನಾನು ಅಂಗಡಿಯಲ್ಲಿ ಕೂಡಬೇಕು. ಗಾಡಿಯಲ್ಲಿ ಎಲ್ಲಿಯಾದರೂ ಸಿಕ್ಕಿಬಿದ್ದರೆ ವಿಡಿಯೋ ಕಾಲ್ ಮಾಡಿ ಅಲ್ಲೇ ಮಾಡಬೇಕು. ತಪ್ಪದೆ ಮುಗಿಸಿದರೆ ಅಂಗಡಿಯ ಹೆಸರನ್ನು ಅವಳು ಮತ್ತೆ ಎತ್ತುವುದಿಲ್ಲ. ತೀರ್ಪು ಹೇಳುವವನು ಅವಳ ತಮ್ಮ.

ಒಪ್ಪಿ ಕೈ ಕೊಟ್ಟೆ. ಆಮೇಲೆ ನೋಡಿದರೆ ಅವಳು ಇಡೀ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ನನಗೇನೂ ಬೇಜಾರಾಗಲಿಲ್ಲ. ನಾನೂ ಮಾಡಿಕೊಂಡಿದ್ದೆ.

೨. ಕೆಳಗಿನ ಮನೆಯವರು

ಗೋಕಾಕದಲ್ಲಿ ನಾವಿರುವುದು ಮಾಳಿಗೆಯ ಮೇಲಿನ ಬಾಡಿಗೆ ಮನೆ. ಕೆಳಗೆ ಮಾಲೀಕರು, ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು, ಬಹಳ ಒಳ್ಳೆಯವರು. ಮೂರನೆಯ ದಿನ ಮುಂಜಾನೆ ನಾವು ವ್ಯಾಯಾಮ ಮುಗಿಸಿ ಉಸಿರು ಬಿಡುತ್ತಿದ್ದಾಗ ಇಬ್ಬರೂ ಮೇಲೆ ಬಂದರು. ಚಹಾ ಬೇಡವೆಂದರು. ಯಜಮಾನರು ನನ್ನ ಬಾಜೂ ಕೂತು, ಸಂಸಾರ ಅಂದ ಮೇಲೆ ತಾಳ್ಮೆ ಬೇಕು ಅಂತ ಶುರು ಮಾಡಿದರು. ಅವರ ಹೆಂಡತಿ ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಏನೋ ಹೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಯಜಮಾನರು ನನ್ನ ತೊಡೆಯ ಮೇಲೆ ಕೈ ಇಟ್ಟು, "ದಿನಾ ಎರಡ ಹೊತ್ತು ಅಂದ್ರ ಬಾಳ ಆತು ತಮ್ಮಾ. ಆಕಿಗೆ ನಾವು ಹೇಳತೇವಿ," ಎಂದರು.

ಆಗ ತಿಳಿಯಿತು. ಮೂರು ದಿನದಿಂದ ಅವರಿಗೆ ಮೇಲಿನಿಂದ ಧಪ್ ಧಪ್ ಸಪ್ಪಳ ಕೇಳುತ್ತಿತ್ತು, ನಡುವೆ ನಾನು ಸಾಕು ಬಿಡು ಎಂದು ನರಳುವುದು, ಅವಳು ಇನ್ನೂ ಹತ್ತು ಎಂದು ಎಣಿಸುವುದು. ಅವಳು ನನ್ನನ್ನು ಹೊಡೆಯುತ್ತಿದ್ದಾಳೆ ಎಂದು ಪಾಪ, ಇಬ್ಬರೂ ನಿದ್ದೆಗೆಟ್ಟಿದ್ದರು. ವ್ಯಾಯಾಮ ಎಂದರೆ ನಂಬಲಿಲ್ಲ. ಮರ್ಯಾದೆ ಮುಚ್ಚಿಕೊಳ್ಳಲು ಹೇಳುತ್ತಿದ್ದೇನೆ ಎಂದುಕೊಂಡರು. ಕೊನೆಗೆ ಅವರೆದುರಿಗೇ ಇಬ್ಬರೂ ಹತ್ತು ಸಲ ಹಾರಿ ತೋರಿಸಿದೆವು.

ಇಳಿದು ಹೋಗುವಾಗ ಆ ತಾಯಿ ನನ್ನ ಹೆಂಡತಿಗೆ ಹೇಳಿದರು: "ವ್ಯಾಯಾಮ ಏನವ್ವಾ? ನಾ ನಿನ್ನ ಕಡೆ ಕಲಿಯೂದು ಐತಿ ಅನ್ಕೊಂಡ ಬಂದಿದ್ದೆ."

೩. ಕಣಗಲಾದ ನ್ಯಾಯ

ಒಂಬತ್ತನೆಯ ದಿನ ಬೆಲ್ಲ ಹೇರಿಕೊಂಡು ಕಣಗಲಾಕ್ಕೆ ಹೋಗಿದ್ದೆ. ಮಾಲು ಇಳಿಸಿಕೊಳ್ಳುವವರು ಬರುವುದು ತಡವಾಯಿತು. ಹೈವೇ ಬಾಜೂ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೂತಿದ್ದೆ. ಸಂಜೆ ಆರೂವರೆಗೆ ಸರಿಯಾಗಿ ಫೋನು ಬಂತು. ಚಹಾ ಕುಡಿಯುವವರೆಲ್ಲ ನೋಡುತ್ತಾರೆ, ಇವತ್ತೊಂದು ದಿನ ಬಿಡು ಎಂದೆ. ಹಾಗಾದರೆ ಸೋಮವಾರ ಅಂಗಡಿಗೆ ಹೋಗುವಾಗ ಬುತ್ತಿಗೆ ಏನು ಕಟ್ಟಲಿ ಎಂದಳು.

ಫೋನನ್ನು ಗಾಡಿಯ ವೈಪರಿಗೆ ಆನಿಸಿ ನಿಲ್ಲಿಸಿದೆ. ಅಂದಿನ ಪಾಠ ಐವತ್ತು ಬಸ್ಕಿ, ಕೈ ಕಿವಿಯ ಹತ್ತಿರ. ಅಂದರೆ ನಮ್ಮ ಮಾಸ್ತರರ ಬಸ್ಕಿಯೇ, ಕಿವಿ ಹಿಡಿಯುವುದೊಂದು ಬಾಕಿ. ಹದಿನೈದು ಆಗುವುದರೊಳಗೆ ಚಹಾದಂಗಡಿ ಪೂರ್ತಿ ನನ್ನ ಕಡೆ ತಿರುಗಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಹಿರಿಯರು ಎದ್ದು ಬಂದರು. ಫೋನಿನಲ್ಲಿ ಹೆಂಡತಿಯ ಮುಖ ನೋಡಿದರು, ಕೂತು ಏಳುತ್ತಿದ್ದ ನನ್ನನ್ನು ನೋಡಿದರು.

"ಏನ ತಪ್ಪ ಮಾಡಿದಿಯೋ ತಮ್ಮಾ?"

ನನಗೆ ಉಸಿರಿಲ್ಲ. ಕೈ ಮಾಡಿ ಏನಿಲ್ಲ ಎಂದೆ. ಎಲ್ಲ ಗಂಡಸರೂ ಹಾಗೇ ಹೇಳುತ್ತಾರೆ ಎಂಬಂತೆ ತಲೆಯಾಡಿಸಿ ಅವರು ಫೋನಿನ ಕಡೆ ತಿರುಗಿ, "ಬಿಡವ್ವಾ ತಂಗೀ. ಹತ್ತ ಮಂದ್ಯಾಗ ಬಸ್ಕಿ ಹೊಡ್ಯಾಕತ್ತಾನ. ಇನ್ನೊಮ್ಮೆ ಹಂಗ ಮಾಡೂದಿಲ್ಲ," ಎಂದರು.

ನನ್ನ ಹೆಂಡತಿ ಸೆರಗು ಸರಿ ಮಾಡಿಕೊಂಡು, ಬಹಳ ಮರ್ಯಾದೆಯಿಂದ, ಕಾಕಾ, ಇಲ್ಲಿಂದ ನನಗೆ ಪೂರ್ತಿ ಕಾಣುವುದಿಲ್ಲ, ನೀವೇ ಸ್ವಲ್ಪ ಎಣಿಸಿ ಹೇಳಿ ಎಂದಳು. ಕಾಕಾ ಟವೆಲ್ ಕೊಡವಿ ಎಣಿಸಲು ನಿಂತರು. ಐವತ್ತು ಮುಗಿದವು. ನಾನು ಗಾಡಿಯ ಮೇಲೆ ಕೈ ಊರಿ ನಿಂತೆ.

"ಮುಗದಾವ ನೋಡವ್ವಾ," ಎಂದರು ಕಾಕಾ. ಆಮೇಲೆ ನನ್ನನ್ನು ಒಮ್ಮೆ ನೋಡಿ, "ಆದ್ರ ನಡುವ ಎರಡ ಅರ್ಧಾ ಕುಂತಾನ. ಅವನ್ನ ನಾ ಲೆಕ್ಕಕ್ಕ ಹಿಡದಿಲ್ಲ."

೪. ಗಡಿಯಾರ

ಅವಳು ನನ್ನನ್ನು ಇಷ್ಟು ಕಾಯುವಾಗ, ಅವಳನ್ನು ಯಾರು ಕಾಯಬೇಕು? ನಸುಕಿನಲ್ಲಿ ನಾನು ಹೊರಟುಹೋದ ದಿನ ನಾನು ಗಾಡಿಯ ಹತ್ತಿರ, ಅವಳು ಮನೆಯಲ್ಲಿ, ಬೇರೆ ಬೇರೆ ಮುಗಿಸಿ ಫೋಟೋ ಕಳಿಸಿಕೊಳ್ಳುವ ರೂಢಿಯಾಗಿತ್ತು. ಚಾಪೆಯ ಮೇಲೆ ಕೈ ಚಾಚಿ ನಿಂತ ಫೋಟೋ. ಅವಳು ಒಂದು ದಿನ ತೆಗೆದ ಫೋಟೋಗಳನ್ನೇ ಸರದಿಯ ಮೇಲೆ ಕಳಿಸುತ್ತಿದ್ದಾಳೆ ಎಂಬ ಗುಮಾನಿ ನನಗೆ. ಅವಳು ತಪ್ಪಿದರೆ ಜೋಡಿ ಮುರಿಯಿತು, ಕರಾರೂ ಮುರಿಯಿತು.

ಹುಕ್ಕೇರಿ ಸಂತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಎಲ್ಲ ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಸೀರೆ ಬೇರೆ ಬೇರೆ ಇದ್ದವು. ಆದರೆ ಹಿಂದಿನ ಗೋಡೆಯ ಗಡಿಯಾರ? ಎಲ್ಲದರಲ್ಲೂ ನಾಲ್ಕೂ ಹತ್ತು. ಪತ್ತೇದಾರಿ ಕೆಲಸ ಇಷ್ಟು ಸಲೀಸಾಗಿರುತ್ತದೆ ಎಂದುಕೊಂಡಿರಲಿಲ್ಲ. ದಾರಿಯುದ್ದಕ್ಕೂ ಹೇಗೆ ಕೇಳಬೇಕು, ಅವಳು ಏನು ಹೇಳುತ್ತಾಳೆ, ಅದಕ್ಕೆ ನಾನೇನು ಹೇಳಬೇಕು ಎಂದು ತಾಲೀಮು ಮಾಡಿಕೊಂಡು ಬಂದೆ. ಮನೆಗೆ ಬಂದವನೇ ಫೋಟೋಗಳನ್ನು ಒಂದೊಂದಾಗಿ ತೋರಿಸಿ, ದಿನಾ ನಾಲ್ಕೂ ಹತ್ತಕ್ಕೇ ವ್ಯಾಯಾಮ ಮಾಡುತ್ತೀಯಾ ಎಂದು ಕೇಳಿದೆ.

ಅವಳು ಗೋಡೆಯ ಕಡೆ ಬೆರಳು ಮಾಡಿದಳು. ಆಗಲೂ ನಾಲ್ಕೂ ಹತ್ತೇ ಇತ್ತು.

"ಸೆಲ್ ತಂದು ಹಾಕ್ರಿ ಅಂತ ಎರಡ ತಿಂಗಳಿಂದ ಹೇಳಾಕತ್ತೇನಿ," ಎಂದಳು.

೫. ಮೂಡಲಗಿಯ ಕುರ್ಚಿ

ಇಪ್ಪತ್ತೆಂಟನೆಯ ದಿನ ಪೈಪಿನ ಲೋಡು ಕೊಡಲು ಮೂಡಲಗಿಗೆ, ಹೆಂಡತಿಯ ತಮ್ಮನ ಅಂಗಡಿಗೇ ಹೋಗಬೇಕಾಯಿತು. ಒಳಗೆ ಕಾಲಿಟ್ಟರೆ ಹಣದ ಗಲ್ಲೆಯ ಹಿಂದೆ ತಿರುಗುವ ಹೊಸ ಕುರ್ಚಿ. ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಯಾರಿಗೆ ಇದು ಎಂದು ಕೇಳಿದೆ.

"ನಿಮಗ ತಂದೇನ್ರಿ ಮಾಮಾ," ಎಂದ, ನಾಚಿಕೆಯಿಲ್ಲದೆ.

ಇನ್ನೂ ಹನ್ನೆರಡು ದಿನ ಬಾಕಿ ಇರುವಾಗ ತೀರ್ಪುಗಾರನೇ ಕುರ್ಚಿ ತಂದಿಟ್ಟಿದ್ದಾನೆ. ಅಕ್ಕ ತಮ್ಮ ಕೂಡಿ ಮಾಡಿದ ಹುನ್ನಾರ ಇದು ಎಂಬುದಕ್ಕೆ ಮತ್ತೇನು ಪುರಾವೆ ಬೇಕು? ನನಗೆ ಕೂಡುವ ಕೆಲಸ ಆಗಿಬರುವುದಿಲ್ಲ ಎಂದು ಅವನಿಗೆ ಬಿಡಿಸಿ ಹೇಳಿದೆ. ಆಗಿಬರುತ್ತದೆ ಮಾಮಾ, ನನಗೂ ಮೊದಲು ಹಾಗೇ ಅನಿಸುತ್ತಿತ್ತು, ಹತ್ತು ವರ್ಷ ಆಯಿತು ನೋಡಿ ಎಂದ. ಒಮ್ಮೆ ಕೂತು ನೋಡಿ ಎಂದು ಒತ್ತಾಯ ಮಾಡಿದ. ಕೂಡಲಿಲ್ಲ. ಕೂತರೆ ಅದನ್ನೂ ಫೋಟೋ ಹೊಡೆದು ಅಕ್ಕನಿಗೆ ಕಳಿಸುವ ಆಸಾಮಿ. ಪೈಪು ಇಳಿಸುವವರೆಗೂ ಅಂಗಡಿಯ ನಟ್ಟನಡುವೆ ನಿಂತೇ ಇದ್ದೆ.

ಹೊರಡುವಾಗ ಒಬ್ಬ ಗಿರಾಕಿ ನನ್ನನ್ನು ನೋಡಿ ಅವನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಆ ಹೊಸಾ ಕುರ್ಚಿ ಬಾಳ ತುಟ್ಟಿ ಇರಬೇಕಲ್ಲ? ಆ ಮನಶ್ಯಾ ಕೂಡಾಕ ಅಂಜಾಕತ್ತಾನ."

೬. ನಲವತ್ತನೆಯ ದಿನ

ಕಡೆಯ ದಿನದ ಸಂಜೆ ಮನೆಯಲ್ಲಿ ಸಭೆಯೇ ಸೇರಿತ್ತು. ಹೆಂಡತಿಯ ತಮ್ಮ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಕೆಳಗಿನ ಮನೆಯ ಹಿರಿಯರಿಬ್ಬರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಹುಕ್ಕೇರಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ನಾನು ಬಂದಾಗ ಏಳಕ್ಕೆ ಮೂವತ್ತೈದೇ ನಿಮಿಷ ಬಾಕಿ.

ಕಡೆಯ ಪಾಠ ಜೋಡಿಯದು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು, ಕೈಗೆ ಕೈ ಕೊಂಡಿ ಹಾಕಿ, ನೆಲಕ್ಕೆ ಕೂತು, ಒಬ್ಬರ ಬೆನ್ನನ್ನೊಬ್ಬರು ಒತ್ತಿ ಒಮ್ಮೆಲೇ ಏಳಬೇಕು. ಹತ್ತು ಸಲ. ಇಬ್ಬರೂ ಒತ್ತಿದರೆ ಏಳುತ್ತೀರಿ, ಒಬ್ಬರು ಸಡಿಲು ಬಿಟ್ಟರೂ ಏಳುವುದಿಲ್ಲ. ಒಂಬತ್ತು ಸಲ ಎದ್ದೆವು. ಹತ್ತನೆಯದಕ್ಕೆ ಕೂತಾಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಇಲ್ಲೇ, ಈಗಲೇ ಇವಳು ಸಡಿಲು ಬಿಡುತ್ತಾಳೆ. ನಾನು ಜೋರಾಗಿ ಒತ್ತಿದರೆ ಹಿಂದಕ್ಕೆ ಬೀಳುತ್ತೇನೆ, ಸೋಮವಾರ ಕುರ್ಚಿಯ ಮೇಲೆ. ಮೊದಲು ಅವಳು ಒತ್ತಲಿ ಎಂದು ಕಾದೆ.

"ಒತ್ರಿ," ಎಂದಳು ಅವಳು.

"ಮೊದಲ ನೀ ಒತ್ತು."

"ಯಾಕ? ನಾ ಒತ್ತಿದಾಗ ನೀವು ಬಿಟ್ಟ ಬಿಡಾಕ? ನನ್ನ ಕಡಿಂದ ತಪ್ಪಾತು ಅಂತ ಹೇಳಾಕ?"

ಅವಳ ತಲೆಯಲ್ಲೂ ಅದೇ ಮಿಂಚು ಹೊಡೆದಿತ್ತು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆವು. ಫೋನಿನ ಹೆಣ್ಣುಮಗಳು ನಗುತ್ತ ಹೊತ್ತು ಎಣಿಸುತ್ತಿದ್ದಳು. ಏಳಕ್ಕೆ ಮೂರು ನಿಮಿಷ, ಎರಡು ನಿಮಿಷ. ಬಾಗಿಲಲ್ಲಿದ್ದ ಯಜಮಾನರು, ಇಬ್ಬರೂ ಕೂಡಿ ಒತ್ರಪಾ ಎಂದು ಬೇಡಿಕೊಂಡರು. ನಾವು ಅಲ್ಲಾಡಲಿಲ್ಲ. ಕೊನೆಗೆ ಹೆಂಡತಿಯ ತಮ್ಮ ಎದ್ದು ಬಂದು, ಎರಡೂ ಕೈ ನಮ್ಮ ರಟ್ಟೆಗೆ ಹಾಕಿ, ಮೂಟೆ ಎತ್ತಿದಂತೆ ಇಬ್ಬರನ್ನೂ ಎತ್ತಿ ನಿಲ್ಲಿಸಿದ. ನಾವು ನಿಂತೆವು. ಅವನು ಮಾತ್ರ ಬಗ್ಗಿದವನು ಬಗ್ಗಿಯೇ ಉಳಿದ.

"ಅಕ್ಕಾ, ಸೊಂಟ ಹೋತು."

ಮೂರನೆಯವರು ಎತ್ತಿದರೆ ಲೆಕ್ಕಕ್ಕೆ ಹಿಡಿಯಬಾರದು ಎಂದು ಹೆಂಡತಿ ವಾದಿಸಿದಳು. ಅವನು ನೆಲ ನೋಡುತ್ತಲೇ ತೀರ್ಪು ಕೊಟ್ಟ. ಏಳರೊಳಗೆ ಎದ್ದು ನಿಂತಾರ, ಮಾಮಾ ಗೆದ್ದರು ಎಂದ. ನನ್ನ ಜೀವಮಾನದಲ್ಲಿ ಒಂದು ಕೆಲಸ ಮುಗಿದಿತ್ತು. ಎದೆ ಉಬ್ಬಿ ಬಂತು.

ಹೆಂಡತಿ ತಮ್ಮನನ್ನು ಹಾಸಿಗೆಯ ಮೇಲೆ ಮಲಗಿಸಿ ಬಂದು ನನ್ನೆದುರಿಗೆ ನಿಂತಳು. "ಗೆದ್ದೀರಿ. ಅಂಗಡಿ ಹೆಸರ ನಾ ಎತ್ತೂದಿಲ್ಲ. ಆದ್ರ ನಿಮ್ಮನ್ನ ಎತ್ತಾಕ ಹೋಗಿ ಅವನ ಸೊಂಟ ಹಿಡದೈತಿ. ನಾಳೆ ಬಾಗಲಾ ಯಾರ ತಗೀತಾರ, ನೀವ ಹೇಳ್ರಿ."

ಹೀಗೆ, ಸೋತಿದ್ದರೆ ಸೋಮವಾರ ಕೂಡಬೇಕಾಗಿದ್ದವನು, ಗೆದ್ದದ್ದಕ್ಕೆ ಶುಕ್ರವಾರವೇ ಹೋಗಿ ಕೂತೆ.

ಹೆಂಡತಿಯ ತಮ್ಮ ಗೋಕಾಕದಲ್ಲಿ ನಮ್ಮ ಮನೆಯಲ್ಲೇ ಮಲಗಿದ್ದ, ಗಾಡಿ ಮನೆಯ ಮುಂದೆ ನಿಂತಿತ್ತು, ನಾನು ದಿನಾ ಬಸ್ಸಿನಲ್ಲಿ ಮೂಡಲಗಿಗೆ ಹೋಗುತ್ತಿದ್ದೆ. ಆರನೆಯ ದಿನ ಮೊಳೆ ತೂಗುತ್ತಿದ್ದಾಗ ಪರಿಚಯದ ರೈತರೊಬ್ಬರು ಬಂದರು. ನೀವು ಇಲ್ಲಿದ್ದೀರಿ, ನಿಮ್ಮ ಗಾಡಿ ಯಾರು ಹೊಡೆಯುತ್ತಿದ್ದಾರೆ ಎಂದು ಕೇಳಿದರು. ಗಾಡಿ ಮನೆಯ ಮುಂದೆ ನಿಂತಿದೆ ಎಂದೆ.

"ಮುಂಜಾನೆ ನಿಡಸೋಸಿ ಕಡೆ ನೋಡಿದ್ನೆಲ್ರಿ. ಒಬ್ಬಾಂವ ಕಿಡಕಿ ಹೊರಗ ಕೈ ಬಿಟ್ಟು, ಹಾಡ ಹಾಡಕೋತ ಹೊಂಟಿದ್ದ."

ಮನೆಗೆ ಫೋನು ಮಾಡಿ ತಮ್ಮ ಹೇಗಿದ್ದಾನೆ ಎಂದು ಕೇಳಿದೆ. ಮಲಗಿದ್ದಾನೆ, ಎಬ್ಬಿಸಲಾ ಎಂದಳು ಹೆಂಡತಿ. ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಇಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ. ಬೇಡ ಎಂದು ಇಟ್ಟು, ಅವನಿಗೇ ಮಾಡಿದೆ. ಬಹಳ ಹೊತ್ತಿಗೆ ಎತ್ತಿದ.

"ಸೊಂಟ ಹೆಂಗ ಐತೋ?"

"ಅಲ್ಲಾಡಾಕ ಬರವಲ್ದ್ರಿ ಮಾಮಾ," ಎಂದ, ನರಳುವ ದನಿಯಲ್ಲಿ. ಹಿಂದೆ ಎಂಜಿನ್ನಿನ ಸಪ್ಪಳ ಕೇಳುತ್ತಿತ್ತು. ನನ್ನ ಗಾಡಿಯ ಕೆಮ್ಮು ನನಗೆ ತಿಳಿಯುವುದಿಲ್ಲವೇ? ನಲವತ್ತು ದಿನ ನಾನು ಹೆಂಡತಿಯನ್ನು ಕಾದಿದ್ದೆ. ಕಾಯಬೇಕಾದವನು ಹತ್ತು ವರ್ಷದಿಂದ ಗಲ್ಲೆಯ ಹಿಂದೆ ಕೂತು ಬೇಸತ್ತ ಈ ಮನುಷ್ಯ.

ಬಯ್ಯಬೇಕೆಂದುಕೊಂಡೆ. ಅಷ್ಟರಲ್ಲಿ ಕಿವಿಗೆ ಗೇರು ಕರ್ ಎಂದು ಹಲ್ಲು ಕಡಿದದ್ದು ಕೇಳಿಸಿ ಜೀವ ಚುರ್ ಎಂದಿತು.

"ಹಂಗಾದ್ರ ಅಲ್ಲಾಡಬ್ಯಾಡ, ಆರಾಮ ಮಲಕೋ," ಎಂದೆ. "ಆದ್ರ ಎರಡನೇ ಗೇರ್ ಬಿಗಿ ಐತಿ. ಕ್ಲಚ್ ಪೂರಾ ಒತ್ತಿ ಹಾಕು."

 ಗೇರು ಈ ಸಲ ಸಪ್ಪಳವಿಲ್ಲದೆ ಬಿತ್ತು.

"ಆತ್ರಿ ಮಾಮಾ," ಎಂದ.