ನಡುಮನೆಯ ಒಸಡಿನ ಬಣ್ಣ

ಪೇಂಟ್ ಅಂಗಡಿಯ ಎಡಮೂಲೆಯಲ್ಲಿ, ಬ್ರಷ್‌ಗಳ ಕಟ್ಟಿಗೂ ಸುಣ್ಣದ ಚೀಲಗಳಿಗೂ ನಡುವೆ ವಿರಾಜಮಾನರಾಗಿರುವ ಬಣ್ಣ ಬೆರೆಸುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು, ತಮ್ಮ ಹದಿನಾರು ನಳಿಕೆಗಳೂ ಕಟ್ಟಿಕೊಳ್ಳದೆ ಸರಾಗವಾಗಿ ತೊಟ್ಟಿಕ್ಕುತ್ತಿವೆಯೆಂದು, ಪಕ್ಕದಲ್ಲಿ ನಿಂತು ದಿನವಿಡೀ ಡಬ್ಬ ಕುಲುಕುವ ತಮ್ಮ ಸಹೋದ್ಯೋಗಿಗೆ ಸೊಂಟನೋವು ಕಾಣಿಸಿಕೊಂಡಿಲ್ಲವೆಂದು ನಂಬಿ, ಎರಡೂ ಕೈ ಜೋಡಿಸಿ ಈ ಅಹವಾಲನ್ನು ಸಲ್ಲಿಸುತ್ತಿದ್ದೇನೆ. ತಮ್ಮಂಥ ಘನ ಯಂತ್ರಕ್ಕೆ ನನ್ನಂಥ ಬಡಪಾಯಿ ಕಾಗದ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ನಾನು ದೂರು ಹಿಡಿದುಕೊಂಡು ಅಂಗಡಿಗೆ ಬಂದ ದಿನ ಅಂಗಡಿಯವರು ತಲೆ ಎತ್ತದೆಯೇ, 'ಮಷಿನ್ ತಪ್ಪು ಮಾಡಲ್ಲ ಸಾರ್, ಬೇಕಾದ್ರೆ ಅದನ್ನೇ ಕೇಳ್ಕೊಳಿ' ಎಂದು ತಮ್ಮ ಕಡೆಗೆ ಬೆರಳು ತೋರಿಸಿಬಿಟ್ಟದ್ದರಿಂದ, ವಿಧಿಯಿಲ್ಲದೆ ತಮ್ಮನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಾನು ಹಲ್ಲಿನ ಸೆಟ್ ಮಾಡುವವನು. ಡಾಕ್ಟರಲ್ಲ, ಡಾಕ್ಟರು ತೆಗೆದು ಕಳಿಸಿದ ಅಚ್ಚು ನೋಡಿಕೊಂಡು ಹಲ್ಲು ಜೋಡಿಸಿ, ಒಸಡು ಕೂರಿಸಿ, ಉಜ್ಜಿ ಹೊಳಪು ಕೊಡುವ ಕಸುಬಿನವನು. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಯಾಗಾರ. ಮೂವತ್ತೊಂದು ವರ್ಷದಿಂದ ಬೆಳಗಾದರೆ ಗುಲಾಬಿ ಬಣ್ಣದ ಮುಖವನ್ನೇ ನೋಡುತ್ತಾ ಬಂದವನು ನಾನು, ಏಕೆಂದರೆ ಜನ ಹಲ್ಲಿನ ಬಣ್ಣಕ್ಕೆ ತಲೆ ಕೆಡಿಸಿಕೊಂಡರೂ ಕಷ್ಟ ಕೊಡುವುದೆಲ್ಲ ಒಸಡಿನ ಬಣ್ಣವೇ. ಒಬ್ಬರದು ತೆಳು ಗುಲಾಬಿ, ಇನ್ನೊಬ್ಬರದು ಇಟ್ಟಿಗೆ ಬೆರೆತದ್ದು, ಸಿಗರೇಟು ಸೇದುವವರದು ಯಾವ ಪಟ್ಟಿಯಲ್ಲೂ ಸಿಗದ್ದು. ಹಾಗಾಗಿ ಸಾಯಂಕಾಲ ಕೈ ತೊಳೆದುಕೊಂಡು ನಡುಮನೆಗೆ ಬಂದು ಕೂತರೆ ಕಣ್ಣಿಗೆ ಯಾವ ಬಣ್ಣ ಬಿದ್ದರೂ ಸರಿಯೇ, ಗುಲಾಬಿಯೊಂದು ಬೇಡಪ್ಪಾ ಎನ್ನುವುದು ನನ್ನ ಹಳೆಯ ಪ್ರಾರ್ಥನೆ.

ನನ್ನ ಹೆಂಡತಿಯ ಪ್ರಾರ್ಥನೆ ಬೇರೆ ಇತ್ತೆಂದು ನನಗೆ ಗೊತ್ತಾದದ್ದು ಈಚೆಗೆ. ಅವಳು ಆಸ್ಪತ್ರೆಯಲ್ಲಿ ನರ್ಸಾಗಿದ್ದು ಎರಡು ತಿಂಗಳ ಹಿಂದೆ ನಿವೃತ್ತಳಾದಳು. ಅಲ್ಲಿ ಸಮವಸ್ತ್ರ ಬಿಳಿ, ಹಾಸಿಗೆ ಬಿಳಿ, ಗೋಡೆ ಬಿಳಿ. ಮನೆಗೆ ಬಂದರೆ ಇಲ್ಲಿಯೂ ಬಿಳಿ, ಏಕೆಂದರೆ ಹಲ್ಲಿನ ಬಣ್ಣ ಹೊಂದಿಸುವಾಗ ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸ ಹೋಗುತ್ತದೆ ಎಂದು ನಾನು ಮದುವೆಯಾದ ಹೊಸದರಲ್ಲೇ ಪಾಠ ಹೇಳಿದ್ದೆ. ಆ ಮಾತು ಮುಂದಿನ ಕೋಣೆಗೆ ಮಾತ್ರ ಸಲ್ಲುವಂಥದ್ದು. ಅಡುಗೆಮನೆಯಲ್ಲಾಗಲಿ ಬಚ್ಚಲಲ್ಲಾಗಲಿ ನಾನು ಯಾರ ಹಲ್ಲನ್ನೂ ಹೊಂದಿಸುವುದಿಲ್ಲ. ಆದರೂ ಮನೆಯಿಡೀ ಬಿಳಿ ಹೊಡೆಸಿದೆ, ಅವಳು ಚಕಾರ ಎತ್ತಲಿಲ್ಲ. ನಿವೃತ್ತಿಯ ಮಾರನೆಯ ದಿನ ತಿಂಡಿಯ ತಟ್ಟೆ ನನ್ನ ಮುಂದಿಡುತ್ತಾ, 'ಆಸ್ಪತ್ರೇಲೂ ಬಿಳಿ, ಮನೇಲೂ ಬಿಳಿ. ಡ್ಯೂಟಿ ಮುಗೀತೋ ಇಲ್ವೋ ಅಂತ ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ಲ ಕಣ್ರೀ. ನಡುಮನೆ ಒಂದನ್ನ ನನ್ನಿಷ್ಟಕ್ಕೆ ಬಿಡಿ' ಎಂದಳು. ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟದ್ದನ್ನು ದಿನಕ್ಕೆ ಮೂರು ಸಲ ನೆನಪಿಸುತ್ತಲೂ ಇದ್ದೆ.

ಅವಳಿಗೆ ಬೇಕಿದ್ದದ್ದು ಗುಲಾಬಿ. ಅದೂ ತಮ್ಮ ಅಂಗಡಿಯ ಪಟ್ಟಿಯಲ್ಲಿರುವ 'ಮೊದಲ ನಾಚಿಕೆ', 'ಸಂಜೆಯ ಗುಟ್ಟು', 'ಕೂಸಿನ ಹಿಮ್ಮಡಿ' ಮುಂತಾದ ನಲವತ್ತಾರು ಗುಲಾಬಿಗಳಲ್ಲಿ ಒಂದಲ್ಲ. ಹರೆಯದಲ್ಲಿ, ರಜೆಯ ದಿನ ಮಾತ್ರ ಅವಳು ಕೊರಳಿಗೆ ಸುತ್ತಿಕೊಳ್ಳುತ್ತಿದ್ದ ಒಂದು ಸ್ಕಾರ್ಫ್ ಇತ್ತು. ಈರುಳ್ಳಿ ಸಿಪ್ಪೆಯ ಒಳಪದರವನ್ನು ಬೆಳಕಿಗೆ ಹಿಡಿದರೆ ಕಾಣುವ ಬಣ್ಣ ಅದರದು. ಸ್ಕಾರ್ಫ್ ಹರಿದುಹೋದ ಮೇಲೂ ಅಂಗೈಯಗಲದ ತುಂಡೊಂದನ್ನು ಅವಳು ಇಟ್ಟುಕೊಂಡಿದ್ದಾಳೆಂಬುದೇ ನನಗೆ ತಿಳಿದಿರಲಿಲ್ಲ. ಆ ತುಂಡನ್ನು ಮಾದರಿಗೆಂದು ತಮ್ಮಲ್ಲಿಗೆ ತರಲು ಹೊರಟು, 'ಮುದುಡದ ಹಾಗೆ ಇಡೋಕೆ ಒಂದು ಡಬ್ಬಿ ಕೊಡ್ರೀ' ಎಂದು ಕೇಳಿದಾಗ, ನಾನು ಕೆಲಸದಿಂದ ತಲೆಯನ್ನೂ ಎತ್ತದೆ ಮೇಜಿನ ಮೇಲಿದ್ದ ಪೆಪ್ಪರ್‌ಮಿಂಟ್ ಡಬ್ಬಿಯನ್ನು ದೂಡಿದೆ. ಈ ಡಬ್ಬಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದಿನದು ತಮ್ಮ ಪವಾಡ. ಅಂಗಡಿಯವರು ಮಾದರಿಯನ್ನು ತಮ್ಮ ಕಣ್ಣಿನ ಕೆಳಗಿಟ್ಟರು, ತಾವು ಒಮ್ಮೆ ಮಿಟುಕಿಸಿದಿರಿ, ಹನಿ ಲೆಕ್ಕ ಹಾಕಿ ಸುರಿಸಿದಿರಿ, ಮೂರು ಡಬ್ಬ ಬಣ್ಣ ಮನೆಗೆ ಬಂತು, ಪೇಂಟರು ಎರಡು ದಿನ ಹೊಡೆದರು. ಅಯ್ಯೋ ಮಾನ್ಯರೇ, ಆ ನಡುಮನೆಯ ಸೊಬಗನ್ನು ಏನೆಂದು ಬಣ್ಣಿಸಲಿ! ಗೋಡೆ ಒದ್ದೆಯಾಗಿ ಹೊಳೆಯುವ ದಟ್ಟ ಗುಲಾಬಿ, ಅದರ ನಡುವೆ ಸಾಲಾಗಿ ನಿಂತ ಬಿಳಿ ಕಿಟಕಿಗಳು, ಮಧ್ಯದಲ್ಲಿ ನಮ್ಮ ಹಳೆಯ ಕೆಂಪು ಸೋಫಾ ಉದ್ದಕ್ಕೆ ಚಾಚಿಕೊಂಡು ಮಲಗಿದೆ. ಅನ್ನ ಹಾಕಿದ ಕಸುಬನ್ನು ಮರೆಯಬಾರದೆಂಬ ಕಾಳಜಿಯಿಂದ ತಾವು ನನಗೊಂದು ಇಡೀ ಬಾಯಿಯನ್ನೇ ಕರುಣಿಸಿದ್ದಿರಿ.

ಅವಳು ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದಳು. 'ಬಟ್ಟೇಲಿ ನೋಡೋದಕ್ಕೂ ಗೋಡೇಲಿ ನೋಡೋದಕ್ಕೂ ವ್ಯತ್ಯಾಸ ಇರುತ್ತೇನೋ' ಎಂದಳು. ಆಮೇಲೆ ಕೈಕಟ್ಟಿ ಕೂರುವ ಹೆಂಗಸಲ್ಲವಾದ್ದರಿಂದ, ಆ ಗೋಡೆಗೆ ಹೊಂದುವ ಹಾಗೆ ತೆಳು ಗುಲಾಬಿಯ ಪರದೆ ಹೊಲಿದಳು, ದಿಂಬಿನ ಚೀಲಗಳಿಗೆ ಅದಕ್ಕಿಂತ ತುಸು ಗಾಢದ್ದು, ದೀಪದ ಬುರುಡೆಗೆ ಬಿಳಿಯೋ ಗುಲಾಬಿಯೋ ಎಂದು ಅನುಮಾನ ಬರುವಂಥ ಟೋಪಿ. ಒಂದೊಂದೇ ತಂದಿಟ್ಟು, ಹಿಂದಕ್ಕೆ ಸರಿದು, ತಲೆ ವಾರೆ ಮಾಡಿ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಈ ಮನೆಯನ್ನು ಹಾಗೆ ನಿಂತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಹೋದ ಭಾನುವಾರ ಭಾವಮೈದನ ಸಂಸಾರ ಟೀಗೆ ಬಂತು. ನನಗೆ ನಾಲಿಗೆ ತುರಿಸಿತು. 'ಬನ್ನಿ ಬನ್ನಿ, ನಿಮ್ಮಕ್ಕ ಬಾಯಿ ತೆರೆದು ಕಾಯ್ತಿದ್ದಾಳೆ, ನಾಲಿಗೆ ಮೇಲೆ ಕೂತ್ಕೊಳಿ' ಎಂದು ಸೋಫಾ ತೋರಿಸಿದೆ. ಅವನು ಹೊಸ್ತಿಲಲ್ಲೇ ನಿಂತು, 'ಭಾವ, ಚಪ್ಪಲಿ ಬಿಟ್ಟು ಬರ್ಲಾ, ಹಲ್ಲುಜ್ಜಿ ಬರ್ಲಾ?' ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅವಳೂ ನಕ್ಕಳು, ಖಾಲಿಯಾಗದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು, ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ನಾನು ಮಾತ್ರ ಇನ್ನೂ ನಾಲ್ಕು ಜೋಕು ಹೊಡೆದೆ.

ಮಂಗಳವಾರ ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮ ಹೊಸ ಸೆಟ್ ಹಾಕಿಕೊಂಡು ನೋಡಲು ಬಂದರು. ಮುಂದಿನ ಕೋಣೆಯ ಕನ್ನಡಿ ಚಿಕ್ಕದು, ನಡುಮನೆಯದು ದೊಡ್ಡದು. ಅಲ್ಲಿ ನಿಂತು ತುಟಿ ಎತ್ತಿ, ಕನ್ನಡಿಯಲ್ಲಿ ತಮ್ಮ ಒಸಡನ್ನೂ ಹಿಂದಿನ ಗೋಡೆಯನ್ನೂ ಒಟ್ಟಿಗೆ ನೋಡಿ, ಬೆಚ್ಚಿಬಿದ್ದು, 'ಇದೇನ್ರೀ ಇದು, ನನ್ನ ಒಸಡು ಮನೆಯೆಲ್ಲಾ ಹರಡಿಕೊಂಡಿದೆ!' ಎಂದರು. ನಾನು ನಗಲು ಹೋದೆ, ನಗು ಬರಲಿಲ್ಲ. ಅವರ ಒಸಡಿಗೆ ಸರಿಯಾದ ಬಣ್ಣ ಪೇಟೆಯಲ್ಲಿ ಸಿಗದೆ ನಾನೇ ವಾರಗಟ್ಟಲೆ ಬೆರೆಸಿ ಒಂದು ಮಾದರಿ ತುಂಡು ಮಾಡಿದ್ದೆ. ಆ ತುಂಡನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದದ್ದು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ.

ಅವರನ್ನು ಕಳಿಸಿ, ಮೆಟ್ಟಿಲ ಕೆಳಗಿಟ್ಟಿದ್ದ ಅಂಗಡಿಯ ಚೀಲವನ್ನು ತೆಗೆದು ನೋಡಿದೆ. ಉಳಿದ ಬಣ್ಣದ ಡಬ್ಬದ ಪಕ್ಕದಲ್ಲೇ ಇತ್ತು ಡಬ್ಬಿ. ಒಳಗೆ ಸ್ಕಾರ್ಫಿನ ತುಂಡು, ಹತ್ತಿಯನ್ನು ಹಾಸೆಂದುಕೊಂಡು ಅವಳು ಅದರ ಮೇಲೆ ಮಡಿಸಿಟ್ಟದ್ದು ಮಡಿಸಿಟ್ಟ ಹಾಗೇ. ಅದರಡಿ ಹೆಡ್‌ಮಾಸ್ಟರ ಒಸಡು, ಬೆನ್ನ ಮೇಲೆ ಅಂಗಡಿಯವರು ಗುರುತಿಗೆಂದು ಅಂಟಿಸಿದ ಚೀಟಿ, ಚೀಟಿಯಲ್ಲಿ ನಮ್ಮ ಗೋಡೆಯ ಬಣ್ಣದ ನಂಬರು. ಬಟ್ಟೆಯನ್ನು ಸುತ್ತಿಟ್ಟ ಅರಿವೆಯೆಂದು ತಿಳಿದು ಅವರು ಗಟ್ಟಿ ತುಂಡನ್ನೇ ತಮ್ಮ ಕಣ್ಣಿಗೆ ಒಡ್ಡಿದ್ದರು. ತಾವು ಕೂದಲೆಳೆಯಷ್ಟೂ ತಪ್ಪದೆ ಓದಿದ್ದಿರಿ. ನಾನು ವಾರಗಟ್ಟಲೆ ಒದ್ದಾಡಿದ ಬಣ್ಣವನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿದಿರಿ, ಇದಕ್ಕಾಗಿ ಕಸುಬುದಾರನಾಗಿ ತಮಗೆ ನನ್ನ ಹೊಟ್ಟೆಕಿಚ್ಚಿನ ಅಭಿನಂದನೆಗಳು.

ಆದರೂ ಮಾನ್ಯರೇ, ತಮ್ಮ ಮೇಲೆ ನನ್ನ ಆಕ್ಷೇಪಣೆ ಇದ್ದೇ ಇದೆ. ಒಸಡನ್ನು ಕಣ್ಣಿನ ಕೆಳಗಿಟ್ಟಾಗ ತಾವೊಮ್ಮೆ ಕೆಮ್ಮಬಹುದಿತ್ತು. 'ಇದು ಗೋಡೆಗೆ ಬಳಿಯುವಂಥದ್ದಲ್ಲ, ಯಾರದೋ ಬಾಯಿಯದು' ಎಂದು ಒಂದು ಸಾಲು ಮುದ್ರಿಸಿ ಹೊರಹಾಕಬಹುದಿತ್ತು. ಅದೂ ಆಗದಿದ್ದರೆ, ಭಾನುವಾರ ನಮ್ಮ ಮನೆಗೆ ಬಂದು ನನ್ನ ಮತ್ತು ನನ್ನ ನಾಲಿಗೆಯ ನಡುವೆ ಅಡ್ಡ ನಿಲ್ಲಬಹುದಿತ್ತು. ಇನ್ನು ಮುಂದಾದರೂ ಗಂಡಂದಿರು ಕೊಟ್ಟ ಡಬ್ಬಿಗಳನ್ನು ಬಿಚ್ಚಿ ತಪಾಸಣೆ ಮಾಡದೆ ಒಂದು ಹನಿಯನ್ನೂ ಸುರಿಸಬಾರದೆಂದು, ಹಾಗೆಯೇ ಮೂವತ್ತೊಂದು ವರ್ಷದ ಬಿಳಿಯನ್ನು ಒಂದೇ ಕೋಟಿನಲ್ಲಿ ಮುಚ್ಚುವ ಬಣ್ಣವೊಂದನ್ನು ತುರ್ತಾಗಿ ಕಂಡುಹಿಡಿಯಬೇಕೆಂದು ಪ್ರಾರ್ಥಿಸುತ್ತೇನೆ.

ಮಂಗಳವಾರವೇ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಭಾವಮೈದನ ನಗು ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ ಕಾರಣ, ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಿ ನೋಡಿದೆ, ಸಿಗಲಿಲ್ಲ. ಬುಧವಾರ ಪರದೆ ಇಳಿಯಿತು. ಗುರುವಾರ ದೀಪದ ಟೋಪಿ ಹೋಯಿತು. ನಿನ್ನೆ ದಿಂಬಿನ ಚೀಲಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಾ, ಕೋಪವೂ ಇಲ್ಲದೆ, 'ನಂಗೆ ಬಣ್ಣ ಗೊತ್ತಾಗಲ್ಲ ಬಿಡ್ರೀ. ಸೋಮವಾರ ಪೇಂಟರ್‌ಗೆ ಬರೋಕೆ ಹೇಳಿದ್ದೀನಿ, ಬಿಳೀನೇ ಹೊಡೆಸಿಬಿಡೋಣ' ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 'ಗೊತ್ತಾಗಲ್ಲ' ಎಂದಳಲ್ಲ, ಅದನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. ಅವಳಿಗೆ ಬಣ್ಣ ಗೊತ್ತಾಗುತ್ತದೆ. ಹರಿದ ಸ್ಕಾರ್ಫಿನ ಒಂದು ತುಂಡನ್ನು ಇಷ್ಟು ವರ್ಷ ಜೋಪಾನ ಮಾಡುವಷ್ಟು ಗೊತ್ತಾಗುತ್ತದೆ. ಗೊತ್ತಾಗದವನು ನಾನು, ಮತ್ತು ಅದನ್ನು ಹೇಳಲು ನನಗೆ ತುಂಬ ನಾಚಿಕೆಯಾಗುತ್ತಿದೆ.

ಇದನ್ನೆಲ್ಲ ಅವಳೆದುರು ನಿಂತು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಊರಿನವರ ಬಾಯಿ ಬಿಡಿಸುವುದು ನನ್ನ ಕಸುಬು; ನಾನೇ ಬಾಯಿ ಬಿಟ್ಟು ಅಭ್ಯಾಸವಿಲ್ಲ. ಹಾಗಾಗಿ ಇದು ಬಹಿರಂಗ ಪತ್ರವಾಗಿಯೇ ಇರಲೆಂದು, ತಮಗೆ ತಲುಪಿಸುವ ಮೊದಲು ಇದನ್ನು ನಡುಮನೆಯ ಗೋಡೆಗೆ, ಅವಳು ಬೆಳಗಿನ ಟೀ ಕುಡಿಯುವ ಕುರ್ಚಿಯ ಎದುರಿಗೆ ಅಂಟಿಸಿ, ಸ್ಕಾರ್ಫಿನ ತುಂಡನ್ನು ಕೆಳಗೆ ಗುಂಡುಸೂಜಿಯಿಂದ ಸಿಕ್ಕಿಸುತ್ತೇನೆ. ಅವಳು ಓದುವ ಹೊತ್ತಿಗೆ ನಾನು ಮುಂದಿನ ಕೋಣೆಯಲ್ಲಿ, ಹೊಳಪಾಗಿಯೇ ಇರುವ ಹಲ್ಲೊಂದನ್ನು ಮತ್ತೆ ಮತ್ತೆ ಉಜ್ಜುತ್ತಾ ಕೂತಿರುತ್ತೇನೆ. ಒಳಗೆ ಟೀ ಕಪ್ಪು ಕೆಳಗಿಟ್ಟ ಸದ್ದು ಕೇಳಿದ ಕೂಡಲೇ ಎದ್ದು ಹೋಗುವವನಿದ್ದೇನೆ. ತಮ್ಮ ಹದಿನಾರು ನಳಿಕೆಗಳ ಪೈಕಿ ಯಾವುದರಲ್ಲಾದರೂ ಸ್ವಲ್ಪ ಧೈರ್ಯವಿದ್ದರೆ ಎರಡು ಹನಿ ಈ ಕಡೆ ಕಳಿಸಿಕೊಡಬೇಕಾಗಿ ವಿನಂತಿ.

ಬಿಳಿ ಗೋಡೆಯ ನಡುವೆ ಕೂತು, ಬಣ್ಣ ಬಯಲಾಗುವುದನ್ನೇ ಕಾಯುತ್ತಿರುವ

ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ ಮಾಡುವವನು

ಮರೆತ ಮಾತು (ಇದು ಅವರ ಕೈಬರಹ ಅಲ್ಲ, ನಂದು): ಯಂತ್ರದವರೇ, ಈ ಕಾಗದಾನ ಇವರು ನಾಲ್ಕು ಮೂಲೆಗೂ ಅಗಲ ಟೇಪ್ ಹಾಕಿ ಅಂಟಿಸಿದ್ರು. ಕನ್ನಡಕದ ಹತ್ತಿರ ಹಿಡಿದು ಓದೋಣ ಅಂತ ಕಿತ್ತೆ, ನಾಲ್ಕು ಕಡೆ ಬಣ್ಣ ಎದ್ದು ಬಂತು, ಅಡಿಯಲ್ಲಿ ಅದೇ ಹಳೇ ಬಿಳಿ. ಮೇಷ್ಟ್ರ ಒಸಡಿಗೆ ನಾಲ್ಕು ಹಲ್ಲು ಹುಟ್ಟಿದೆ. ಸೋಮವಾರ ಪೇಂಟರ್ ಬರೋದು ಬರಲಿ, ಹೊಡೆಯೋದು ಬಿಳಿ ಅಲ್ಲ. ಸ್ಕಾರ್ಫಿನ ತುಂಡು ನಾನೇ ಕೈಯಲ್ಲಿ ಹಿಡ್ಕೊಂಡು ನಿಮ್ಮ ಹತ್ರ ಬರ್ತೀನಿ, ಇವರ ಮನೇಲಿರೋ ಯಾವ ಡಬ್ಬೀನೂ ಬೇಡ. ನಾಳೆ ಭಾನುವಾರ, ನನ್ನ ತಮ್ಮನ ಮನೆಯವರನ್ನೆಲ್ಲ ಮತ್ತೆ ಟೀಗೆ ಕರೆದಿದ್ದೀನಿ. ಈ ಕಾಗದಾನ ಇವರೇ ಸೋಫಾದ ಮುಂದೆ ನಿಂತು, ಮೊದಲಿಂದ ಕೊನೇವರೆಗೂ, ಎಲ್ಲರಿಗೂ ಕೇಳಿಸೋ ಹಾಗೆ ಓದ್ತಾರೆ. ಎಲ್ಲಾದ್ರೂ ಒಂದು ಮಾತು ನುಂಗಿಬಿಟ್ರೆ ತಿದ್ದೋಕೆ ಅಂತ ಹೆಡ್‌ಮಾಸ್ಟರನ್ನೂ ಕರೆದಿದ್ದೀನಿ.